ಪೂರ್ವಕ್ಕೆ ಮುಖ ಮಾಡಿ ಕುಳಿತ ಎಂಜಿನ್

ಎಂಜಿನ್ ರಿಪೇರಿ ಎಂದರೆ ನನಗೆ ನೀರು ಕುಡಿದಷ್ಟು ಸುಲಭ. ಇಡೀ ಗಂಗೊಳ್ಳಿಯಲ್ಲಿ ಹೀಗೆಂದು ಹೇಳುತ್ತಿದ್ದವನು ನಾನೊಬ್ಬನೇ ಎಂಬುದು ಬೇರೆ ಮಾತು.

ನಾನು ಮೂರನೇ ಕ್ಲಾಸಿನಲ್ಲೇ ಶಾಲೆಗೆ ಕೈಮುಗಿದು ಬಲೆ ಹಿಡಿದವನು. ಹುಟ್ಟು ಹಾಕಿ ಹಾಕಿ ಅಂಗೈ ದಡ್ಡುಗಟ್ಟಿದ ಮೇಲೆ, ನಮ್ಮ ಕಡೆಗೆ ಎಂಜಿನ್ ಬೋಟು ಬಂದ ಹೊಸತರಲ್ಲೇ ಸ್ವಂತದ್ದೊಂದು ಮಾಡಿಕೊಂಡೆ. ಅದರ ಎಂಜಿನ್ ಕೆಲವು ವರ್ಷ ಒಂದು ದಿನವೂ ತಕರಾರು ಮಾಡಲಿಲ್ಲ. ಕಾರಣ, ಅದನ್ನು ಒಂದು ದಿನವೂ ನಾನು ಬಿಚ್ಚಿ ನೋಡಿರಲಿಲ್ಲ.

ಆ ವರ್ಷ ಮಳೆಗಾಲ ಹತ್ತಿರ ಬಂದಾಗ, ಎಂಜಿನ್ ತಂಪು ಮಾಡುವ ನೀರಿನ ಪೈಪಿಗೆ ಪಾಚಿ ಸಿಕ್ಕಿಕೊಂಡಿತು. ಎಂಜಿನ್ ಕಾದು ಕೆಂಡವಾಯಿತು. ಹೊಗೆ ಬಂತು. ಬೋಟಿನ ಜನ ಹೆದರಿದರು. ನಾನು ಹೆದರಲಿಲ್ಲ! ಮನುಷ್ಯನ ತಲೆ ಕಾದರೆ ಏನು ಮಾಡುತ್ತೇವೆ? ತಣ್ಣೀರು ಹೊಯ್ಯುತ್ತೇವೆ. ಒಂದು ಕೊಡಪಾನ ಸಮುದ್ರದ ನೀರೆತ್ತಿ ಸಾಂಗವಾಗಿ ಅಭಿಷೇಕ ಮಾಡಿದೆ.

"ಟಣ್!"

ಎಂಜಿನ್ ತಲೆಯಿಂದ ಬುಡದವರೆಗೆ ಬಿರುಕು ಬಿಟ್ಟಿತು.

ಕುಂದಾಪುರದಿಂದ ಮೇಸ್ತ್ರಿ ಬಂದ. ಬಿರುಕಿನ ಮೇಲೆ ಬೆರಳಾಡಿಸಿದ.

"ಕಾದ್ ಎಂಜಿನ್‌ಗೆ ನೀರ್ ಹೊಯ್ದವ್ರ್ ಯಾರ್?"

"ನಾನೇ!" ಎಂದೆ, ಎದೆಯುಬ್ಬಿಸಿ.

"ಹಂಗಾರೆ ಇನ್ ಮಣ್ಣ್ ಹಾಕಿ ಮುಚ್ಚಿ, ಮಾರಾಯ್ರೆ."

ಹೊಸ ಎಂಜಿನ್ ತರುವ ಶಕ್ತಿ ನನಗಿರಲಿಲ್ಲ. ಸುದ್ದಿ ಕೇಳಿ ಮಂಜ ಬಂದ. ಮಂಜ ಎಂದರೆ ನನ್ನ ಹೆಂಡತಿ ಗಿರಿಜೆಯ ತಮ್ಮ. ಆ ವರ್ಷವಷ್ಟೇ ಹೊಸ ಬೋಟು ಮಾಡಿದ್ದ. ಜಗಲಿಯಲ್ಲಿ ಕುಳಿತು, ಅಕ್ಕ ಕೊಟ್ಟ ಚಾ ಕುಡಿದು, ಬಹಳ ಮರುಕದಿಂದ ಹೇಳಿದ:

"ಭಾವ, ತಲೆಬಿಸಿ ಮಾಡ್ಕಣ್ಬೇಡಿ. ಈ ಸಲ ನಿಮ್ ಜನ ನನ್ ಬೋಟಿಗೆ ಬರ್ಲಿ. ನೀವೂ ಬನ್ನಿ. ಬಲಿ ಎಳುಕೆ ಒಂದ್ ಜನ ಕಡ್ಮಿ ಇತ್ತ್."

ಹುಟ್ಟು ಹಿಡಿಯುವುದನ್ನು ಇವನಿಗೆ ಕಲಿಸಿದವನು ನಾನು! ಬೋಟಿನ ಯಜಮಾನ, ತಾಂಡೇಲ ಎಂದು ಊರೆಲ್ಲ ಕರೆಸಿಕೊಂಡವನು! ಇವನ ಬೋಟಿನಲ್ಲಿ ಬಲೆ ಎಳೆಯುವುದೇ? ಆದರೆ ನನ್ನ ಬೋಟಿನ ಹಿರಿಯ ಶೀನಣ್ಣ ಮುಲಾಜಿಲ್ಲದೆ ಹೇಳಿಬಿಟ್ಟ:

"ತಾಂಡೇಲ್ರೆ, ಹುಣ್ಣಿಮೆವರಿಗೆ ಕಾಂಬ. ಅಷ್ಟೊತ್ತಿಗೆ ಬೋಟ್ ಓಡ್ರೆ ನಾವೆಲ್ಲ ನಿಮ್ ಒಟ್ಟಿಗೆ. ಇಲ್ದಿರೆ ಮಂಜನ್ ಬೋಟ್. ನಮ್ಗೂ ಮನಿ ಮಕ್ಕಳ್ ಇತ್ತಲೆ?"

ಮಳೆಗಾಲ ಕಳೆದು ಬೋಟುಗಳು ಮತ್ತೆ ಕಡಲಿಗಿಳಿಯುವುದು ಆ ಹುಣ್ಣಿಮೆಗೆ. ಹೀಗೆ ನನ್ನ ತಾಂಡೇಲತನವು ಹುಣ್ಣಿಮೆಯ ಚಂದ್ರನ ಕೈಗೆ ಹೋಯಿತು.

ತಲ್ಲೂರಿನ ಶೆಟ್ಟರೊಬ್ಬರ ತೋಟಕ್ಕೆ ಕರೆಂಟು ಬಂದು, ನೀರು ಎತ್ತುತ್ತಿದ್ದ ಹಳೆಯ ಎಂಜಿನ್ ಕೊಟ್ಟಿಗೆ ಸೇರಿದೆ ಎಂದು ತಿಳಿಯಿತು. ಓಡಿದೆ. ಆನೆಮರಿಯಂಥ ಎಂಜಿನ್! ಎರಡು ಬದಿಗೂ ಒಂದೊಂದು ದೊಡ್ಡ ಚಕ್ರ. ಮೇಲೊಂದು ಹೇಂಟೆ ಕೋಳಿ ಕಾವಿಗೆ ಕುಳಿತಿತ್ತು.

"ಎರಡ್ ಬೋಟ್ ಬೈಗಿ ಮೀನ್ ತಂದ್ ನನ್ ತೆಂಗಿನ್ ಮರದ್ ಬುಡಕ್ಕೆ ಗೊಬ್ರಕ್ ಹಾಕಿ. ಎಂಜಿನ್ ತಕಂಡ್ ಹೋಯ್ಲಕ್" ಎಂದರು ಶೆಟ್ಟರು.

"ಅದ್ ಬೋಟಿಗ್ ಆತ್ತಾ?" ಎಂದು ಶೀನಣ್ಣ ಪಿಸುಗುಟ್ಟಿದ.

"ನೀರ್ ಎತ್ತಿದ್ ಎಂಜಿನ್‌ಗೆ ನೀರ್ ಹೊಸತಾ?" ಎಂದೆ. ಅವನು ದೋಣಿ ತರಲು ಹೋದ.

ಎರಡು ದೋಣಿ ಜೋಡಿಸಿ ಕಟ್ಟಿ, ಮೇಲೆ ಹಲಗೆ ಹಾಸಿ, ಹೊಳೆಯಲ್ಲೇ ಎಂಜಿನ್ ತಂದೆವು. ಹೇಂಟೆ ಇಳಿಯಲು ಒಪ್ಪಲಿಲ್ಲ. ಅದೂ ಬಂತು.

ಬೋಟನ್ನು ಹೊಳೆದಡದ ಮೇಲೆ ಎಳೆದು, ತೆಂಗಿನ ಮಡಲಿನ ಚಪ್ಪರದ ಕೆಳಗೆ ಇಟ್ಟಿದ್ದೆವು. ಮೂತಿ ಪಶ್ಚಿಮಕ್ಕೆ. ಎಂಜಿನ್ ಒಳಗಿಳಿಸಿದರೆ ಅದರ ತಲೆ ಬೋಟಿನ ಮಾಡಿಗೆ ತಾಗಿತು. ಮಾಡು ಕೊಯ್ದೆ. ಹೊಗೆಕೊಳವೆ ಇನ್ನೂ ಮೇಲೆದ್ದು, ದೂರದಿಂದ ನೋಡಿದರೆ ಅಕ್ಕಿ ಮಿಲ್ಲೊಂದು ದಡಕ್ಕೆ ಬಂದ ಹಾಗೆ ಕಾಣುತ್ತಿತ್ತು.

ಮೇಸ್ತ್ರಿಯನ್ನು ಮತ್ತೆ ಕರೆಸಲಿಲ್ಲ. ಅವನ ಖರ್ಚು ಉಳಿಯಿತಲ್ಲ! ಮೊದಲ ಸಲ ಬಂದಾಗಲೇ ಅವನೊಂದು ಮಾತು ಹೇಳಿ ಹೋಗಿದ್ದ: "ಯಾವ್ ಎಂಜಿನ್ ತಂದ್ರೂ ಅದ್ರ ಮುಖ ಬೋಟಿನ್ ಮೂತಿ ಬದಿಗ್ ಇರ್ಕ್." ಮುಖ ಎಂದರೆ ಕಂಪೆನಿ ಹೆಸರಿನ ಹಿತ್ತಾಳೆ ತಗಡು ಇರುವ ಬದಿ. ಹಾಗೇ ಇಡಲು ಹೊರಟೆ. ಆಗ ನನ್ನ ಅಮ್ಮ ಬಂದರು.

"ಇದೆಂತ? ಪಶ್ಚಿಮಕ್ ಮುಖ ಮಾಡಿ ಕೂರ್ಸ್‌ತ್ಯಾ? ಪೂಜಿಗೆ ಕೂಕಂಬವ್ರ್ ಪೂರ್ವಕ್ ಮುಖ ಮಾಡ್ಕ್. ಇದ್ಕೂ ಹಂಗೇ. ಇಲ್ದಿರೆ ನಾನ್ ಕಾಯಿ ಒಡುಕೆ ಬಿಡ್ತಿಲ್ಲೆ!"

ನಾನು ಗಂಭೀರವಾಗಿ ಆಲೋಚಿಸಿದೆ. ಮೇಸ್ತ್ರಿ ಕುಂದಾಪುರದವನು, ಅಮ್ಮ ಮನೆಯವರು. ಮೇಲಾಗಿ ಈ ಎಂಜಿನ್ನಿನ ದಂಡ ಎರಡು ಬದಿಗೂ ಹೊರಬಂದಿದೆ. ನೀರೊಳಗಿನ ಫ್ಯಾನಿಗೆ ಯಾವ ಬದಿಯಿಂದಲೂ ಜೋಡಿಸಬಹುದು. ಹೇಗೆ ಜೋಡಿಸಿದರೂ ಚಕ್ರ ತಿರುಗುತ್ತದೆ ತಾನೆ? ಎಂಜಿನ್ ತಿರುಗಿಸಿದೆ. ಅದು ಬೋಟಿನ ಹಿಂಬದಿಗೆ, ಅಂದರೆ ಪೂರ್ವಕ್ಕೆ, ಮುಖ ಮಾಡಿ ಮದುಮಗನ ಹಾಗೆ ಕುಳಿತಿತು.

ಹುಣ್ಣಿಮೆ ಬಂತು. ಉಳಿದ ಬೋಟುಗಳು ಬೆಳಿಗ್ಗೆಯೇ ಕಡಲಿಗೆ ಹೋಗಿದ್ದವು. ಮಂಜ ಮಾತ್ರ ತನ್ನ ಬೋಟು ನಿಲ್ಲಿಸಿಕೊಂಡು ಕಾದಿದ್ದ. ಮರುಕ ತೋರಿಸಲು! ದಡದ ತುಂಬ ಜನ. ಅಮ್ಮ ಕುಂಕುಮ ಹಚ್ಚಿದರು, ಕಾಯಿ ಒಡೆದರು. ಹುಡುಗರು ಪಟಾಕಿ ಹೊಡೆದರು. ಬೋಟನ್ನು ನೀರಿಗೆ ತಳ್ಳಿ, ಮೂತಿಯನ್ನು ಹೊಳೆ ಕಡಲು ಸೇರುವ ಅಳಿವೆಯ ಕಡೆ ತಿರುಗಿಸಿ, ನಾಲ್ಕೂ ದಿಕ್ಕಿಗೆ ಕೈಮುಗಿದು ಹ್ಯಾಂಡಲ್ ಹೊಡೆದೆ.

ಡಬ್! ಡಬ್! ಡಬ್ ಡಬ್ ಡಬ್!

ಒಂದೇ ಏಟಿಗೆ! ಜನ ಹೋ ಎಂದರು. ನಾನು ಚುಕ್ಕಾಣಿ ಹಿಡಿದು, ಕಡಲನ್ನು ದಿಟ್ಟಿಸಿ, ಎದೆ ಸೆಟೆಸಿ ನಿಂತೆ.

ಕಡಲು ದೂರ ಹೋಗತೊಡಗಿತು.

ದಡದಿಂದ ಗಿರಿಜೆ ಕೂಗಿದಳು: "ಹ್ವಾಯ್! ಎಂತ ಮರ್ತ್ ಹೋದ್ರಿ?"

ಬೋಟು ಹಿಂದಕ್ಕೆ ಓಡುತ್ತಿತ್ತು! ಆ ಎಂಜಿನ್‌ಗೆ ಗೇರು ಎಂಬುದಿಲ್ಲ. ಶುರು ಮಾಡಿದರೆ ಹೋಗುತ್ತದೆ, ಬಂದ್ ಮಾಡಿದರೆ ನಿಲ್ಲುತ್ತದೆ. ನನಗೆ ಬಂದ್ ಮಾಡಬೇಕೆಂದು ಹೊಳೆಯುವುದರೊಳಗೆ ಜನ ದೋಣಿ ಹತ್ತಿ ಹೊಳೆ ದಾಟುವ ಕಡವು ಬಂತು. ಕುಂದಾಪುರಕ್ಕೆ ಹೊರಟವರು ಕೊಡೆ ಬುಟ್ಟಿ ಬಿಟ್ಟು ಚೆಲ್ಲಾಪಿಲ್ಲಿಯಾದರು. ದಢ್! ಕಡವಿನ ಕಂಬ ಮುರಿಯಿತು, ಅದಕ್ಕೆ ಕಟ್ಟಿದ್ದ ಹಗ್ಗ ತುಂಡಾಗಿ ನೀರು ಪಾಲಾಯಿತು. ಆಮೇಲೆ ಎಂಜಿನ್ ಬಂದ್ ಮಾಡಿದೆ.

ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಮಂಜ ತನ್ನ ಎಂಜಿನ್ ಶುರು ಮಾಡಿದ.

"ಭಾವ, ನಾನ್ ಕಡ್ಲ್ ಕಂಡ್ಕಂಡ್ ಬತ್ತೆ. ನೀವ್ ಊರ್ ಕಂಡ್ಕಂಡ್ ಬನ್ನಿ! ನಾಳಿಂದ ನಿಮ್ ಜನ ನನ್ ಬೋಟಿಗೆ!"

ಶೀನಣ್ಣ ನನ್ನ ಮುಖ ನೋಡಲಿಲ್ಲ. ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಇಳಿದು ಹೋಗುವ ಲಕ್ಷಣ.

ಅಷ್ಟರಲ್ಲಿ ಅಳಿವೆಯ ಬಾಯಿಯಲ್ಲಿ ಮಂಜನ ಬೋಟಿನ ಸದ್ದು ನಿಂತಿತು. ಹೊಸ ಎಂಜಿನ್! ಬೋಟು ಅಡ್ಡ ತಿರುಗಿ, ಅಲೆ ಒಡೆಯುವ ಮರಳದಿಬ್ಬದ ಕಡೆಗೆ ಸರಿಯತೊಡಗಿತು. ನಗು ಬತ್ತಿಹೋಯಿತು. ದಿಬ್ಬಕ್ಕೆ ತಾಗಿದರೆ ಬೋಟು ಮಗುಚುತ್ತದೆ.

"ನನ್ ತಮ್ಮ..." ಎಂದಳು ಗಿರಿಜೆ. ದಡದುದ್ದಕ್ಕೂ ಓಡಿ ಬಂದಿದ್ದಳು.

ಶೀನಣ್ಣ ಬೈರಾಸು ತಲೆಗೆ ಸುತ್ತಿದ. "ತಾಂಡೇಲ್ರೆ, ಹಿಂದ್ ಹೋಪ್ದಾರೂ ಹೋಪ್ದ್ ಹೋತ್ತಲೆ? ಹಿಂಬದಿ ಕಡ್ಲಿಗ್ ಮಾಡುವ, ಹೊಡೀನಿ ಹ್ಯಾಂಡಲ್!"

ಹುಟ್ಟು ಹಾಕಿ ಬೋಟು ತಿರುಗಿಸಿದೆವು. ಮೂತಿ ಊರಿಗೆ, ಬೆನ್ನು ಕಡಲಿಗೆ. ಡಬ್ ಡಬ್ ಡಬ್! ಚುಕ್ಕಾಣಿ ನನ್ನ ಮಾತು ಕೇಳಲಿಲ್ಲ. ಶೀನಣ್ಣನೂ ಉಳಿದವರೂ ಎರಡು ಬದಿಗೆ ಹುಟ್ಟು ಹಿಡಿದು ದಾರಿಗೆ ತಂದರು. ಅಲೆಗಳು ಹಿಂಬದಿಯಿಂದ ಹತ್ತಿ ನಮಗೆಲ್ಲ ಸ್ನಾನ ಮಾಡಿಸಿದವು. ತಲ್ಲೂರಿನ ಆನೆಮರಿ ನಿಲ್ಲಲಿಲ್ಲ!

ಹಗ್ಗ ಎಸೆದೆವು, ಮಂಜ ಹಿಡಿದ. ಹಗ್ಗದ ಈ ತುದಿ ನಮ್ಮ ಮೂತಿಗೆ, ಆ ತುದಿ ಅವನ ಮೂತಿಗೆ. ಮತ್ತೆ ಹುಟ್ಟು ಹಾಕಿ ನಮ್ಮ ಬೆನ್ನನ್ನು ಊರಿನ ಕಡೆ ಮಾಡಿ ಹೊರಟೆವು. ನಾವು ಬೆನ್ನು ಮುಂದಾಗಿ, ಅವನು ಮೂತಿ ಮುಂದಾಗಿ. ದಾರಿಯುದ್ದಕ್ಕೂ ನಾವಿಬ್ಬರೂ ಮುಖಾಮುಖಿ! ಪಾಪ, ಅವನಿಗೆ ಬೇರೆ ಕಡೆ ನೋಡಲು ಜಾಗವೇ ಇರಲಿಲ್ಲ.

"ಮಂಜ, ಊರ್ ಕಾಂತಾ?" ಎಂದು ಕೂಗಿದೆ.

"ಕಾಂತ್, ಭಾವ" ಎಂದ, ಸಣ್ಣ ಸ್ವರದಲ್ಲಿ.

ದಡದಲ್ಲಿ ಶಿಳ್ಳೆ, ಕೇಕೆ! ಉಳಿದಿದ್ದ ಪಟಾಕಿಯನ್ನೆಲ್ಲ ಹೊಡೆದರು. ಗಿರಿಜೆ ತಮ್ಮನ ಬೆನ್ನಿಗೊಂದು ಗುದ್ದಿ ಅತ್ತಳು. ಶೀನಣ್ಣ ಎಲ್ಲರಿಗೂ ಕೇಳುವ ಹಾಗೆ ಸಾರಿದ: "ನಮ್ಗೆ ಈ ತಾಂಡೇಲ್ರೇ ಸೈ!" ಅಂದು ಗಂಗೊಳ್ಳಿಯಲ್ಲಿ ನನಗಿಂತ ಎತ್ತರದವರು ಯಾರೂ ಇರಲಿಲ್ಲ. ನನ್ನ ಹೊಗೆಕೊಳವೆ ಒಂದನ್ನು ಬಿಟ್ಟು.

ಆಮೇಲೆ ಮಂಜನ ಬೋಟಿನ ಫ್ಯಾನಿಗೆ ಏನು ಸುತ್ತಿದೆ ಎಂದು ಮುಳುಗಿ ನೋಡಿದರು. ಒಂದು ಹಗ್ಗ ಬಂತು. ಕಡವಿನವನು ಅದನ್ನು ಕೈಯಲ್ಲಿ ಹಿಡಿದು ತಿರುವಿ ಮುರುವಿ ನೋಡಿದ.

"ಇದ್ ನನ್ ಹಗ್ಗ ಅಲ್ದಾ?"

ಇಳಿತದ ನೀರಿನಲ್ಲಿ ಅದು ನೆಟ್ಟಗೆ ಅಳಿವೆಗೆ ಹೋಗಿತ್ತು. ಅಂದರೆ, ಮಂಜನ ಬೋಟು ನಿಲ್ಲಿಸಿದವನೂ ನಾನೇ, ಎಳೆದು ತಂದವನೂ ನಾನೇ! ಮಂಜ ನನ್ನನ್ನು ನೋಡಿದ. ಈಗ ಬೇರೆ ಕಡೆ ನೋಡುವ ಸರದಿ ನನ್ನದು.

ಮರುದಿನ ಎಂಜಿನ್ ತಿರುಗಿಸಲು ಹೊರಟೆ. ಚಕ್ರವನ್ನು ಈಚೆಯಿಂದ ನೋಡಿದರೆ ಬಲಕ್ಕೆ, ಆಚೆಯಿಂದ ನೋಡಿದರೆ ಎಡಕ್ಕೆ ತಿರುಗುತ್ತದೆ ಎಂದು ನನಗೀಗ ಚೆನ್ನಾಗಿ ಅರ್ಥವಾಗಿತ್ತು. ಅರ್ಥವಾಗದವರಿಗೆ ವಿವರಿಸುತ್ತಲೂ ಇದ್ದೆ. ಆದರೆ ಅಮ್ಮನ ಪೂರ್ವ ದಿಕ್ಕನ್ನು ಏನು ಮಾಡುವುದು? ಮೇಸ್ತ್ರಿಯ ಮಾತೂ ಉಳಿಯಬೇಕು, ಅಮ್ಮನ ಮಾತೂ ಉಳಿಯಬೇಕು. ತಲೆಗೆ ಕೈಹೊತ್ತು ಕುಳಿತೆ.

ಗಿರಿಜೆ ಚಾ ತಂದಳು. ತಲ್ಲೂರಿನ ಹೇಂಟೆ ಅವಳ ಕಾಲ ಬಳಿ ಕೆದರುತ್ತಿತ್ತು. ಎಂಜಿನ್ ನೋಡಿದಳು, ಬೋಟು ನೋಡಿದಳು, ನನ್ನನ್ನೂ ನೋಡಿದಳು.

"ಹ್ವಾಯ್, ಎಂಜಿನ್ ಎಂತಕ್ಕ್ ಆಚಿಗ್ ಈಚಿಗ್ ಮಾಡ್ತ್ರಿ? ದಡದ್ ಮೇಲೆ ಎಳೂವತಿಗೆ ಬೋಟಿನ್ ಮೂತಿನೇ ಪೂರ್ವಕ್ ಮಾಡಿರೆ ಆತಿತ್ತಲ್ದಾ?"

ಹೌದು. ಆಗುತ್ತಿತ್ತು. ಆದರೆ ಅದು ಬೋಟಿನ ವಿಷಯ. ನಾನು ಎಂಜಿನ್ ರಿಪೇರಿಯವನು!