ದೇವರ ಜಗಲಿಯ ಮೇಲಿನ ಮೋಡೆಮ್

ಕಾನ್ವೆಂಟಿನಲ್ಲಿ ಓದಿದ ಹುಡುಗಿಯನ್ನು ಸೊಸೆ ಮಾಡಿಕೊಂಡವರಿಗೆ ಒಂದು ಅನುಕೂಲವಿದೆ. ಆಮೇಲೆ ಮನೆಗೆ ಬರುವ ಇಂಗ್ಲಿಷ್ ಅಕ್ಷರಗಳನ್ನೆಲ್ಲ ಅವಳ ತಲೆಗೆ ಕಟ್ಟಿ ನಿಶ್ಚಿಂತರಾಗಿರಬಹುದು. ಕೆಮ್ಮಿನ ಔಷಧದ ಬಾಟಲಿಗೆ ಅಂಟಿಸಿದ ಚೀಟಿ, ಮಿಕ್ಸರಿನ ಜೊತೆ ಬಂದ ಪುಸ್ತಕ, ಸ್ವೆಟರಿನ ಒಳಗೆ ಹೊಲಿದ ತೊಳೆಯುವ ಸೂಚನೆ, ಎಲ್ಲವೂ ನನ್ನ ಬಳಿಗೇ ಬರುತ್ತವೆ. ಇಂಗ್ಲಿಷ್ ಓದಲು ಬಂದವಳಿಗೆ ಅದರಲ್ಲಿ ಬರೆದದ್ದನ್ನು ಮಾಡಲೂ ಬರುತ್ತದೆ ಎಂಬುದು ನಮ್ಮ ಮನೆಯವರ ಗಟ್ಟಿ ನಂಬಿಕೆ. ನಾನಾದರೋ ಕಾನ್ವೆಂಟಿನಲ್ಲಿ ಕಲಿತದ್ದು ಕರವಸ್ತ್ರದ ಮೂಲೆಗೆ ಹೂವು ಹೊಲಿಯುವುದು, ಸದ್ದಾಗದಂತೆ ಬಾಗಿಲು ಹಾಕುವುದು, ಮತ್ತು ಊಟದ ಮೇಜಿನ ಮೇಲೆ ಚಮಚ ಯಾವ ಕಡೆ, ಚಾಕು ಯಾವ ಕಡೆ ಇಡಬೇಕೆಂಬುದು. ಮದುವೆಯಾಗಿ ಬಂದ ಮನೆಯಲ್ಲಿ ಊಟದ ಮೇಜೇ ಇರಲಿಲ್ಲ. ಎಲ್ಲರೂ ನೆಲದ ಮೇಲೆ ಕುಳಿತು ಸುಖವಾಗಿ ರೊಟ್ಟಿ ಮುರಿಯುತ್ತಿದ್ದರು. ಬಾಗಿಲೋ, ನನ್ನ ಇಡೀ ಮೈಭಾರ ಹಾಕಿ ದೂಡಿದರೆ ಓಣಿಗೆಲ್ಲ ಕೇಳುವಂತೆ ಕಿರುಚಿಕೊಂಡು ಮುಚ್ಚುತ್ತಿತ್ತು. ಹೀಗೆ ನನ್ನ ವಿದ್ಯೆಯಲ್ಲಿ ಕೊನೆಗೆ ಉಳಿದದ್ದು ಕರವಸ್ತ್ರ ಮತ್ತು ಇಂಗ್ಲಿಷ್.

ನನ್ನ ತವರು ಗದಗ, ಗಂಡನ ಮನೆ ಬೆಟಗೇರಿ. ಹೊರಗಿನವರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಅಲ್ಲಿಂದ ಇಲ್ಲಿಗೆ ಆಟೋ ಹತ್ತಿದರೆ ಸೀರೆಯ ನೆರಿಗೆ ಸರಿಪಡಿಸಿಕೊಳ್ಳುವುದರೊಳಗೆ ಇಳಿಯಬೇಕು. ಆದರೂ ನನ್ನ ಕೈಯ ಪಲ್ಯಕ್ಕೆ ಉಪ್ಪು ಹೆಚ್ಚಾದರೆ ಅತ್ತೆಯವರು ಇವತ್ತಿಗೂ ಬೈಯುವುದಿಲ್ಲ, "ಗದಗಿನ ಪದ್ಧತಿ ಇದ್ದೀತು" ಎಂದು ಮೆತ್ತಗೆ ಹೇಳಿ ನೀರು ಕುಡಿಯುತ್ತಾರೆ. ಆದ್ದರಿಂದ ಪಕ್ಕಪಕ್ಕದಲ್ಲಿದ್ದು, ನಡುವೆ ಒಂದು ವಾಯರೂ ಇದ್ದು, ಎರಡು ಡಬ್ಬಿಗಳು ಒಂದನ್ನೊಂದು ಮಾತಾಡಿಸದೆ ಕುಳಿತಾಗ ನನಗೆ ಬೇರೆಯವರಿಗೆ ಆಗುವಷ್ಟು ಆಶ್ಚರ್ಯವಾಗಲಿಲ್ಲ.

ಆ ಎರಡು ಡಬ್ಬಿಗಳಲ್ಲಿ ಒಂದು ಮೋಡೆಮ್, ಇನ್ನೊಂದು ರೌಟರ್. ಹೊರಗಿನಿಂದ ಬರುವ ಕೇಬಲ್ಲಿನ ಇಂಟರ್‌ನೆಟ್ಟನ್ನು ಮೋಡೆಮ್ ಇಳಿಸಿಕೊಳ್ಳುತ್ತದೆ, ರೌಟರ್ ಅದನ್ನು ಮನೆಯೊಳಗೆ ಹಂಚುತ್ತದೆ. ನಮ್ಮದು ಹಳೆಯ ಮಾಳಿಗೆ ಮನೆ. ಗೋಡೆಗಳು ಎಷ್ಟು ದಪ್ಪವೆಂದರೆ ಮೊಬೈಲಿನ ಸಿಗ್ನಲ್ ಬಾಗಿಲವರೆಗೆ ಬಂದು, ಒಳಗೆ ಬರಲು ಸಂಕೋಚಪಟ್ಟು ಹಿಂದಿರುಗುತ್ತದೆ. ಫೋನಿನಲ್ಲಿ ಮಾತಾಡಬೇಕಾದರೆ ಮಾಳಿಗೆ ಹತ್ತಬೇಕು. ಕೇಬಲ್ಲಿನವರು ವಾಯರು ತಂದಾಗ ಗೋಡೆ ಕೊರೆಯಲು ನೋಡಿ ಸೋತು, ದೇವರ ಕೋಣೆಯ ಬೆಳಕಿಂಡಿಯಿಂದ ಅದನ್ನು ಇಳಿಬಿಟ್ಟರು. ಹಾಗಾಗಿ ಮೋಡೆಮ್ ದೇವರ ಜಗಲಿಯ ತುದಿಯಲ್ಲಿ, ಗಂಟೆ ಮತ್ತು ವಿಭೂತಿಯ ಬಟ್ಟಲಿನ ನಡುವೆ ಕುಳಿತಿತು. ಕೈಕಾಲು ತೊಳೆದುಕೊಳ್ಳದೆ ಯಾರೂ ಅದನ್ನು ಮುಟ್ಟಬಾರದೆಂದು ಅತ್ತೆಯವರ ಕಟ್ಟಪ್ಪಣೆ. ನಮ್ಮವರು ಅಂದು ತಾಯಿಗೆ ತಿಳಿಯಲೆಂದು, "ಅವ್ವಾ, ಈ ಹಸರ ದೀಪ ಉರಿಯೂತನಕ ನಿನಗ ಚಿಗವ್ವ ಕಾಣ್ತಾಳ ನೋಡು. ಇದರ ಮ್ಯಾಗ ಒಂದ ಕಣ್ಣಿಡು" ಎಂದಿದ್ದರು. ಅಂದಿನಿಂದ ದಿನಾ ಬೆಳಿಗ್ಗೆ ದೇವರಿಗೆಲ್ಲ ಹೂವೇರಿಸಿದ ಮೇಲೆ ಒಂದು ಸೇವಂತಿಗೆ ಮೋಡೆಮ್ಮಿಗೂ ಸಲ್ಲುತ್ತದೆ.

ಚಿಗವ್ವ ಎಂದರೆ ಅತ್ತೆಯವರ ಒಬ್ಬಳೇ ತಂಗಿ ಗಂಗವ್ವ, ನನಗೆ ಸಣ್ಣತ್ತೆ. ಇರುವುದು ಮುಂಡರಗಿಯಲ್ಲಿ. ಮೊದಲು ಬಸ್ಸು ಹತ್ತಿ ಬಂದುಬಿಡುತ್ತಿದ್ದರು. ಅಕ್ಕನ ಮೊಣಕಾಲು ಮತ್ತು ತಂಗಿಯ ಕಣ್ಣು ಹೆಚ್ಚುಕಡಿಮೆ ಒಟ್ಟಿಗೇ ಕೈಕೊಟ್ಟ ಮೇಲೆ ಬಸ್ಸು ನಿಂತು ವಿಡಿಯೋ ಕಾಲ್ ಶುರುವಾಯಿತು. ಸಂಜೆ ದೀಪ ಹಚ್ಚಿದ ಮೇಲೆ ಇಬ್ಬರೂ ಟ್ಯಾಬ್ಲೆಟ್ಟುಗಳನ್ನು ಎದುರಿಗೆ ಒರಗಿಸಿಕೊಂಡು ಕೂಡುತ್ತಾರೆ. ಮಾತು ಬಹಳವಿಲ್ಲ. ಇವರು ಇಲ್ಲಿ ಮೆಂತ್ಯಪಲ್ಯ ಸೋಸುತ್ತಾರೆ, ಅವರು ಅಲ್ಲಿ ಹೂಬತ್ತಿ ಹೊಸೆಯುತ್ತಾರೆ. ನಡುವೆ ಒಮ್ಮೆ "ಹೂಂ" ಎನ್ನುತ್ತಾರೆ, ಅದಕ್ಕೆ ಆ ಕಡೆಯಿಂದ "ಹೂಂ" ಬರುತ್ತದೆ. ಸಣ್ಣತ್ತೆಗೆ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು. ಅಕ್ಕನೆಂದರೆ ಅವರಿಗೆ ಪರದೆಯ ಮೇಲಿನ ಒಂದು ಬೆಳ್ಳನೆಯ ಮೋಡ, ಅಷ್ಟೆ. ಅಂಥವರು ಕೊನೆಗೂ ಧೈರ್ಯ ಮಾಡಿ ಒಂದು ಕಣ್ಣಿನ ಆಪರೇಷನ್ ಮಾಡಿಸಿಕೊಂಡರು. ಪಟ್ಟಿ ಬಿಚ್ಚಿ ಮನೆಗೆ ಬಂದ ದಿನವೇ ಸಂಜೆ ಅಕ್ಕನನ್ನು ಕಣ್ತುಂಬ ನೋಡಬೇಕೆಂದು ಅವರ ಆಸೆ. ಆ ದಿನ ಬೆಳಿಗ್ಗೆಯೇ ಅತ್ತೆಯವರ ಟ್ರಂಕಿನಿಂದ ಹಸಿರು ಇಳಕಲ್ ಸೀರೆ ಹೊರಬಂದಿತ್ತು.

ಅದರ ಹಿಂದಿನ ದಿನವೇ ಗುಡುಗು ಮಳೆಗೆ ನಮ್ಮ ರೌಟರ್ ಸುಟ್ಟುಹೋಗಬೇಕೆ? "ಜಗಲಿ ಮ್ಯಾಗ ಇದ್ದದ್ದು ಉಳೀತು, ಪಡಸಾಲ್ಯಾಗ ಇದ್ದದ್ದು ಹೋತು" ಎಂದು ಅತ್ತೆಯವರು ಅದರ ಕಾರಣವನ್ನು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಮರುದಿನ ಬೆಳಿಗ್ಗೆ ನಮ್ಮವರು ಹೊಸ ರೌಟರ್ ತಂದು, ಡಬ್ಬಿಯನ್ನು ನನ್ನ ಕೈಗಿಟ್ಟು, "ಎಲ್ಲಾ ಇಂಗ್ಲಿಷ್‌ನ್ಯಾಗ ಬರದಾರ, ನಿನಗೇನ ಕಠಿಣ ಇಲ್ಲ" ಎಂದು ಹೇಳಿ ಅಂಗಡಿಯ ಕೆಲಸಕ್ಕೆ ಲಕ್ಷ್ಮೇಶ್ವರದ ಬಸ್ಸು ಹಿಡಿದರು. ಅವರು ಇಷ್ಟು ಬೇಗ ಬಸ್ಸು ಹಿಡಿದದ್ದನ್ನು ನಾನು ಬೇರೆ ಯಾವಾಗಲೂ ನೋಡಿಲ್ಲ.

ವಾಯರುಗಳನ್ನು ಚಿತ್ರದಲ್ಲಿ ತೋರಿಸಿದಂತೆಯೇ ಜೋಡಿಸಿದೆ. ಒಳಗೆ ಮೋಡೆಮ್ಮಿನ ಹಸಿರು ದೀಪ ಸೇವಂತಿಗೆಯ ಕೆಳಗೆ ಶಾಂತವಾಗಿ ಉರಿಯುತ್ತಿತ್ತು. ಪಡಸಾಲೆಯಲ್ಲಿ ಹೊಸ ರೌಟರ್ ಮಾತ್ರ ಹಟಮಾರಿ ಕೂಸಿನಂತೆ ಕೆಂಪು ಕಣ್ಣು ಮಾಡಿಕೊಂಡು ಕುಳಿತಿತ್ತು. ಮಾಳಿಗೆ ಹತ್ತಿ ಕೇಬಲ್ ಆಫೀಸಿಗೆ ಫೋನ್ ಮಾಡಿದೆ.

"ಆಫ್ ಮಾಡಿ ಆನ್ ಮಾಡ್ರಿ ಮೇಡಮ್" ಎಂದಳು ಅಲ್ಲಿಯ ಹುಡುಗಿ.

"ರೌಟರ್ ಆಫ್ ಮಾಡಿ ಆನ್ ಮಾಡೀನವಾ."

"ಇನ್ನೊಮ್ಮೆ ಮಾಡ್ರಿ."

"ಆಗಲೂ ಬರಲಿಲ್ಲಂದ್ರ?"

"ನಮ್ಮ ಹುಡುಗ್ರನ್ನ ಕಳಸ್ತೀವ್ರಿ. ಆದ್ರ ಇವತ್ತ ಅಸುಂಡ್ಯಾಗ ವಾಯರ್ ಹರದೈತಿ, ನಾಳೆ ಬರ್ತಾರ."

ನಾಳೆ! ಕೆಳಗೆ ಇಳಿದು ಬಂದರೆ ಇಳಕಲ್ ಸೀರೆ ಉಟ್ಟುಕೊಂಡ ಅತ್ತೆಯವರು ಕಪ್ಪಾಗಿರುವ ಟ್ಯಾಬ್ಲೆಟ್ಟಿನ ಎದುರಿಗೆ ಕುಳಿತು, ಅದರಲ್ಲಿ ಕಾಣುವ ತಮ್ಮದೇ ನೆರಳನ್ನು ನೋಡುತ್ತ ಕೂದಲು ಒತ್ತಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ಕೈ ಇಳಿಸಿದರು. "ಅವಸರ ಇಲ್ಲವಾ, ನಿಧಾನ ಮಾಡು" ಎಂದರು. ಅವಸರ ಮಾಡು ಎಂದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ನಮ್ಮ ಶಾಲೆಯ ಸಿಸ್ಟರ್ ಒಬ್ಬರು ಪರೀಕ್ಷೆಗೆ ಮುಂಚೆ ತಪ್ಪದೆ ಹೇಳುತ್ತಿದ್ದರು: ಪ್ರಶ್ನೆಪತ್ರಿಕೆಯನ್ನು ಕೊನೆಯ ಸಾಲಿನವರೆಗೆ ಓದದೆ ಪೆನ್ನು ಮುಟ್ಟಬೇಡಿ. ಆ ಮಾತು ನೆನಪಾಗಿ ರೌಟರಿನ ಪುಸ್ತಕವನ್ನು ಮೊದಲ ಪುಟದಿಂದ ಓದಿದೆ. ಅದನ್ನು ಮಳೆಯಲ್ಲಿ ಇಡಬಾರದು ಎಂದಿತ್ತು. ತಿನ್ನಬಾರದು ಎಂದಿತ್ತು. ಕೊನೆಯ ಪುಟದಲ್ಲಿ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ನನಗೆ ಬೇಕಾದದ್ದು ಸಿಕ್ಕಿತು. ಕೆಲವು ಕೇಬಲ್ ಮೋಡೆಮ್‌ಗಳು ತಾವು ಎಚ್ಚರಗೊಂಡಾಗ ಮೊದಲು ಕಂಡ ರೌಟರನ್ನೇ ನೆನಪಿಟ್ಟುಕೊಂಡು, ಬೇರೆ ಯಾವುದು ಬಂದರೂ ಗುರುತಿಸುವುದಿಲ್ಲವಂತೆ. ಆಗ ಮೋಡೆಮ್ಮನ್ನೇ ಪೂರ್ತಿ ಆರಿಸಿ, ಹಲವು ನಿಮಿಷ ಸುಮ್ಮನೆ ಬಿಟ್ಟು, ಮತ್ತೆ ಹಚ್ಚಬೇಕಂತೆ. ನಾನು ಈವರೆಗೆ ಹೊಸದಾಗಿ ಬಂದ ರೌಟರನ್ನು ಬೈದಿದ್ದೆ, ಬಾಗಿಲು ತೆರೆಯದ ಮೋಡೆಮ್ಮನ್ನು ಕೇಳಿರಲಿಲ್ಲ.

ಕೈಕಾಲು ತೊಳೆದುಕೊಂಡು ದೇವರ ಕೋಣೆಗೆ ಹೋಗಿ ಮೋಡೆಮ್ಮಿನ ಸ್ವಿಚ್ ಆರಿಸಿದೆ. ಹೇಗೂ ಕಾಯಬೇಕಲ್ಲ ಎಂದು ಮಾಳಿಗೆ ಹತ್ತಿ ಮುಂಡರಗಿಗೆ ಫೋನ್ ಮಾಡಿದೆ. ಸಣ್ಣತ್ತೆಯ ಸೊಸೆ ಸುಮಾ, "ಅಕ್ಕಾರ, ಮುಂಜಾನೆ ಮನಿಗೆ ಬಂದಾಗಿಂದ ಕರೀ ಚಸ್ಮಾ ಹಾಕ್ಕೊಂಡು ಟ್ಯಾಬ್ ಹಿಡಕೊಂಡು ಕುಂತಾರ್ರಿ. ಡಾಕ್ಟರ್ ಸ್ವಲ್ಪ ಹೊತ್ತು ಮಾತ್ರ ನೋಡ್ರಿ ಅಂದಾರ. ಆ ಸ್ವಲ್ಪ ಹೊತ್ತು ನಿಮ್ಮ ಅತ್ತ್ಯಾರಿಗೇ ಅಂತ ಟೀವಿ ಸುದ್ದಾ ನೋಡವಲ್ರು" ಎಂದಳು. ಇಳಿದು ಬಂದು ನೋಡಿದರೆ ಹಸಿರು ದೀಪ ಉರಿಯುತ್ತಿದೆ! ರೌಟರಿನ ಕಣ್ಣು ಹಾಗೆಯೇ ಕೆಂಪು.

ನಾನೇ ಆರಿಸುವುದನ್ನು ಮರೆತೆನೇನೋ. ನನ್ನ ಮರೆವಿನ ಮೇಲೆ ನನಗೆ ಪೂರ್ತಿ ವಿಶ್ವಾಸವಿದೆ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವವಳು ನಾನು. ಮತ್ತೆ ಕಾಲು ತೊಳೆದು, ಮತ್ತೆ ಆರಿಸಿ, ಈ ಸಲ ಆರಿಸಿದ್ದೇನೆ ಎಂದು ಬಾಯಿಬಿಟ್ಟು ಹೇಳಿಕೊಂಡು ಅಡಿಗೆ ಮನೆಗೆ ಹೋದೆ. ಹಾಲು ಕಾಯಿಸಿ ತಿರುಗಿ ಬಂದರೆ, ಹಸಿರು ದೀಪ! ಕಾನ್ವೆಂಟಿನಲ್ಲಿ ದೆವ್ವಗಳಿಲ್ಲವೆಂದು ಕಲಿಸಿದ್ದರು, ಆದರೆ ಮೋಡೆಮ್ಮಿನ ವಿಷಯ ಪಾಠದಲ್ಲಿರಲಿಲ್ಲ. ಅಷ್ಟರಲ್ಲಿ ನೆಲದ ಕಡೆ ಕಣ್ಣು ಹೋಯಿತು. ಕಡಪಾ ಕಲ್ಲಿನ ಮೇಲೆ ಒದ್ದೆ ಹೆಜ್ಜೆಗಳು. ನನ್ನವು ಆಗಲೇ ಒಣಗಿದ್ದವು. ಇವು ಹೊಸವು, ಪುಟ್ಟವು, ಎಡಗಾಲು ಸ್ವಲ್ಪ ಎಳೆದದ್ದು.

ಮತ್ತೊಮ್ಮೆ ಆರಿಸಿ ಬಾಗಿಲ ಮರೆಯಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ಬಚ್ಚಲಲ್ಲಿ ನೀರಿನ ಸದ್ದಾಯಿತು. ಅತ್ತೆಯವರು ಗೋಡೆ ಹಿಡಿದುಕೊಂಡು, ಇಳಕಲ್ ಸೀರೆಯನ್ನು ಒದ್ದೆಯಾಗದಂತೆ ಎತ್ತಿಕೊಂಡು ಒಳಗೆ ಬಂದು, ಕೈಮುಗಿದು, ಸ್ವಿಚ್ ಹಾಕಿದರು.

"ಅತ್ತೀ! ಏನ್ ಮಾಡಾಕ್ಹತ್ತೀರಿ?"

"ಹೆದರಿಸಿಬಿಟ್ಟಿ ನೋಡ. ಇದರ ದೀಪ ಆರಿತ್ತವಾ, ಹಚ್ಚಿದೆ. ಇವತ್ತ ಇದಕ್ಕೇನಾಗೇತೋ ಏನೋ, ನೀ ಅತ್ತಾಗ ಹೋಗೂದ ತಡ ಆರತೈತಿ. ನಾ ಬಿಟ್ಟಿಲ್ಲ, ಕಾಯಾಕ್ಹತ್ತೀನಿ."

"ನಾನ ಆರಿಸಿದ್ದೇನ್ರಿ ಅತ್ತಿ."

ಅತ್ತೆಯವರ ಮುಖ ಸಣ್ಣದಾಯಿತು. "ನೀನ? ಯಾಕವಾ? ಗಂಗೂ ನನ್ನ ನೋಡಬಾರದೇನು?"

ಅವರನ್ನು ಮಣೆಯ ಮೇಲೆ ಕೂಡಿಸಿ, ನಾನೂ ಪಕ್ಕದಲ್ಲಿ ಕುಳಿತು ಹೇಳಿದೆ: "ಹಂಗಲ್ರಿ. ಇದು ಹಳೇ ಡಬ್ಬಿ ಗುರುತ ಇಟ್ಟುಕೊಂಡು ಕುಂತೈತಿ. ಹೊಸಾದು ಬಂದ್ರ ನೀ ಯಾರ ಅಂತೈತಿ. ಒಂದಿಷ್ಟು ಹೊತ್ತು ಕಣ್ಣು ಮುಚ್ಚಿಸಿ ಬಿಟ್ರ ಹಳೇದನ್ನ ಮರೀತೈತಿ. ಆಮ್ಯಾಲೆ ಕಣ್ಣು ತೆರದ ಕೂಡ್ಲೆ ಯಾರ ಮಾರಿ ಕಾಣತೈತೋ ಅವರು ತನ್ನವರಂತ ತಿಳಕೋತೈತಿ."

"ಪಟ್ಟಿ ಬಿಚ್ಚಿದಂಗ ಅನ್ನು" ಎಂದರು ಅತ್ತೆಯವರು. ಆಮೇಲೆ ಮೋಡೆಮ್ಮನ್ನು ಬಹಳ ಹೊತ್ತು ನೋಡಿದರು. ಇಷ್ಟು ದಿನ ಹೂವೇರಿಸಿದವರು ಅದನ್ನು ಆರಿಸುವುದೆಂದರೆ ಸುಮ್ಮನಲ್ಲ. ಕೊನೆಗೆ ಎದ್ದು, ಹಣತೆಗೆ ಎಣ್ಣೆ ಹಾಕಿ ಬತ್ತಿ ಹಚ್ಚಿ ಮೋಡೆಮ್ಮಿನ ಪಕ್ಕದಲ್ಲಿಟ್ಟರು. "ಅದು ಕಣ್ಣು ತೆರಿಯೂತನಕ ಇದು ಇರಲಿ. ಜಗಲಿ ಕತ್ತಲಾಗಬಾರದು" ಎಂದು, ತಾವೇ ಸ್ವಿಚ್ ಆರಿಸಿದರು.

ಹಣತೆಯ ಬೆಳಕಿನಲ್ಲಿ ನಾವಿಬ್ಬರೂ ಕಾಯುತ್ತ ಕುಳಿತೆವು. ಅತ್ತೆಯವರು ಸೆರಗಿನ ತುದಿ ಮಡಚುತ್ತ, ಬಿಚ್ಚುತ್ತ ಇದ್ದರು. ಆಮೇಲೆ ಇದ್ದಕ್ಕಿದ್ದಂತೆ, "ಪಾಪ, ಅದು ಗದಗಿಂದ ಸೊಸಿ ಬಂದಂಗಾಗೇತಿ" ಎಂದು ಪಡಸಾಲೆಯ ರೌಟರಿನ ಕಡೆ ಕತ್ತು ತಿರುಗಿಸಿದರು. "ನೀ ಬಂದಾಗ ನಾನೂ ಹಿಂಗ ಕುಂತಿದ್ದೆ. ನಮ್ಮತ್ತಿ ಮಾಡಿದ ಸಾರಿನ ರುಚಿ ನಾಲಿಗಿ ಮ್ಯಾಲಿತ್ತು, ನೀ ಏನ್ ಮಾಡಿದ್ರೂ ಒಳಗ ಹೋಗತಿರಲಿಲ್ಲ. ನನ್ನೂ ಆಗ ಒಮ್ಮೆ ಆರಿಸಿ ಹಚ್ಚಬೇಕಿತ್ತು ನೀ."

"ಬಿಡ್ತು ಅನ್ರಿ ಅತ್ತಿ!"

"ಬಿಡ್ತು" ಎಂದು ನಕ್ಕರು. ಆಗ ನನ್ನ ಅಡಿಗೆಯನ್ನು ಕುರಿತು ಅವರು ಏನಂದುಕೊಂಡಿದ್ದರೆಂದು ನಾನು ಎಷ್ಟೋ ರಾತ್ರಿ ಯೋಚಿಸಿದ್ದೆ. ಉತ್ತರ ಬರಲು ಒಂದು ರೌಟರ್ ಸುಡಬೇಕಾಯಿತು.

ಸಾಕೆನಿಸಿದಾಗ ಅವರಿಗೇ ಸ್ವಿಚ್ ಹಾಕಲು ಹೇಳಿದೆ. ಮೋಡೆಮ್ಮಿನ ದೀಪಗಳು ಮಿಣಮಿಣ ಎಂದು ಒಂದೊಂದಾಗಿ ನಿಂತವು. ಪಡಸಾಲೆಗೆ ಓಡಿ ರೌಟರನ್ನೂ ಒಮ್ಮೆ ಆರಿಸಿ ಹಚ್ಚಿದೆ. ಕೆಂಪು ಇತ್ತು. ಆಮೇಲೆ ಏನೂ ಇರಲಿಲ್ಲ. ಆಮೇಲೆ ಹಸಿರು! "ಬಂತು ಅತ್ತೀ!" ಎಂದು ನಾನು ಕೂಗಿದ ದನಿ ಕೇಳಿದ್ದರೆ ಸಿಸ್ಟರ್ ನನ್ನನ್ನು ತರಗತಿಯ ಹೊರಗೆ ನಿಲ್ಲಿಸುತ್ತಿದ್ದರು.

ಟ್ಯಾಬ್ಲೆಟ್ಟಿನಲ್ಲಿ ಸಣ್ಣತ್ತೆ ಕಾಣಿಸಿಕೊಂಡರು. ಸುಮಾ ಬೇಡವೆನ್ನುತ್ತಿದ್ದರೂ ಕಪ್ಪು ಕನ್ನಡಕ ತೆಗೆದರು. ಮುಖವನ್ನು ಎಷ್ಟು ಹತ್ತಿರ ತಂದರೆಂದರೆ ಪರದೆಯ ತುಂಬ ಒಂದು ಕಣ್ಣೇ ಆಯಿತು. ಇವತ್ತು ಪಲ್ಯ ಸೋಸುವುದಿರಲಿಲ್ಲ, ಬತ್ತಿ ಹೊಸೆಯುವುದಿರಲಿಲ್ಲ.

"ಅಕ್ಕಾ" ಎಂದರು ಕೊನೆಗೆ ಸಣ್ಣತ್ತೆ, "ಎಷ್ಟ ಮುದುಕಿ ಆಗೀಯಲ್ಲ ನೀ!"

"ನಿನಗೇನ ಹರೇ ಬಂದೈತೇನ್? ಮೊದ್ಲ ಕನ್ನಡ್ಯಾಗ ನೋಡ್ಕೋ, ಆಮ್ಯಾಲೆ ನನಗ ಹೇಳು" ಎಂದರು ಅತ್ತೆಯವರು. ಹೇಳುತ್ತ ಇಳಕಲ್ ಸೀರೆಯ ಸೆರಗಿನಿಂದಲೇ ಮೂಗು ಒರೆಸಿಕೊಂಡರು. ಆ ಸೆರಗಿಗೆ ನೀರಿನ ಹನಿ ತಾಕಿದರೂ ಗದರುವವರು.

ಅತ್ತೆಯವರ ಹಿಂದೆ, ಇಷ್ಟೆಲ್ಲ ಮಾಡಿದವಳೆಂಬ ಹೆಮ್ಮೆಯಿಂದ, ಒಂದು ಮೆಚ್ಚುಗೆಯ ಮಾತು ಬಂದರೆ ಕೇಳಿಸಲಿ ಎಂದು ನಾನೂ ಪರದೆಯಲ್ಲಿ ಕಾಣುವಂತೆ ನಿಂತಿದ್ದೆ. ಸಣ್ಣತ್ತೆಯ ಹೊಸ ಕಣ್ಣು ನನ್ನತ್ತ ಹೊರಳಿತು.

"ಅಕ್ಕಾ, ಹಿಂದ ನಿಂತಾಕಿ ಯಾರ?"

"ಶೈಲಾ ಅಲ್ಲೇನ?"

"ಯಾವ ಶೈಲಾ? ನಿನ್ನ ಸೊಸಿ ಕರೀ ಕೂದಲಾಕಿ, ತೆಳ್ಳಗ ಇದ್ದಾಳಲ್ಲ. ಇಕಿ ಯಾರೋ ದಪ್ಪನಾಕಿ, ಬೈತಲಿ ಎಲ್ಲಾ ಬೆಳ್ಳಗಾಗೇತಿ. ಮತ್ತ ಆಕಿ ತಲಿ ಮ್ಯಾಗ ಜಂತಿಗೆ ನೋಡ, ಎಷ್ಟ ಜಾಡ ಕಟ್ಟೈತಿ!"

ನಾನು ಮೇಲೆ ನೋಡಿದೆ. ಹೌದು, ಜಂತಿಯ ಮೂಲೆಯಲ್ಲಿ ಜೇಡರ ಬಲೆ ತೂಗಾಡುತ್ತಿತ್ತು. ಇತರರ ಒದ್ದೆ ಹೆಜ್ಜೆಯನ್ನು ಪತ್ತೆ ಹಚ್ಚುವ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಪೊರೆಯ ಮೋಡದೊಳಗೆ ಇಷ್ಟು ವರ್ಷ ನನ್ನನ್ನು ಹೊಸ ಮದುಮಗಳನ್ನಾಗಿಯೇ ಕಾಪಾಡಿಕೊಂಡು ಬಂದಿದ್ದರು ಸಣ್ಣತ್ತೆ. ಈಗ ಚಿತ್ರ ಸ್ಪಷ್ಟವಾಗಿ ಕಾಣಲಿ ಎಂದು ದಿನವಿಡೀ ಒದ್ದಾಡಿದವಳೂ ನಾನೇ.

"ಅಕಿ ಶೈಲಾನ" ಎಂದರು ಅತ್ತೆಯವರು, ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಳ್ಳುತ್ತ. "ಸ್ವಲ್ಪ ತಡಕೊಂಡು ನೋಡು ಗಂಗೂ, ಗುರುತ ಸಿಗತೈತಿ. ನನಗೂ ತಡಾ ಆಗಿತ್ತು."

ಸಣ್ಣತ್ತೆ ಕಣ್ಣು ಮುಚ್ಚಿದರು, ತೆರೆದರು. "ಹೌದಲ್ಲ! ನಮ್ಮ ಶೈಲಾನ!" ಎಂದು ನಕ್ಕರು. ಮರುದಿನ ಬೆಳಿಗ್ಗೆ ಉದ್ದನೆಯ ಕಸಬರಿಗೆ ಹಿಡಿದು ಜಂತಿಯ ಜೇಡರ ಬಲೆ ತೆಗೆದೆ. ಆಮೇಲೆ ಕನ್ನಡಿಯ ಮುಂದೆ ನಿಂತು ಕೂದಲಿಗೆ ಬಣ್ಣ ಹಚ್ಚಿದರೆ ಹೇಗೆ ಎಂದು ಬಹಳ ಯೋಚಿಸಿ, ಬೇಡವೆಂದು ಬಿಟ್ಟೆ. ಇಷ್ಟು ಕಷ್ಟದಿಂದ ಗುರುತು ಹಿಡಿದವರಿಗೆ ಮತ್ತೆ ಹೊಸ ಮುಖ ತೋರಿಸಿದರೆ, ಎಲ್ಲರನ್ನೂ ಮತ್ತೊಮ್ಮೆ ಆರಿಸಿ ಹಚ್ಚಬೇಕಾದೀತು.