ವರ್ಷಕ್ಕೆ ಎರಡೇ ಫೋನು

ಒಂದು ಲೋಟ ಕಾಫಿ ಕುಡಿದುಬಿಟ್ಟಿದ್ದರೆ ವೇಣುವಿಗೆ ಆ ದಿನ ಏನೂ ಆಗುತ್ತಿರಲಿಲ್ಲ.

ಎರಡು ಸಾವಿರದ ಮೂರನೇ ಇಸವಿಯ ಕ್ರಿಸ್ಮಸ್ ದಿನ. ಶಿಡ್ಲಘಟ್ಟದ ಬಾಡಿಗೆ ಕೋಣೆಯ ಬಾಗಿಲು ತೆರೆದರೆ ಎದುರಿಗೆ ಮನೆಯೊಡತಿ ಮುನಿಗಂಗಮ್ಮ, ಕೈಯಲ್ಲಿ ಹೊಗೆಯಾಡುವ ಕಾಫಿ.

"ನಿಮ್ಮ ಹಬ್ಬ ಅಲ್ವೇನಪ್ಪ, ಇವತ್ತಾದ್ರೂ ಕುಡಿ."

ವೇಣು ಮಾರ್ಮನ್ ಸಭೆಯ ಪ್ರಚಾರಕ. ಆ ಸಭೆಯವರು ಕಾಫಿ, ಟೀ ಮುಟ್ಟುವುದಿಲ್ಲ. ಇದನ್ನು ಅವನು ಎಂಟು ತಿಂಗಳಿಂದ ಹೇಳುತ್ತಲೇ ಬಂದಿದ್ದ, ಮುನಿಗಂಗಮ್ಮ ಎಂಟು ತಿಂಗಳಿಂದ ಅದನ್ನು ಹೊಟ್ಟೆನೋವು ಎಂದೇ ತಿಳಿದು ಬೀದಿಗೆಲ್ಲ ಸಾರುತ್ತ ಬಂದಿದ್ದಳು. ಈ ಸಲ ಮತ್ತೆ ಬೇಡ ಎಂದಾಗ ಆಕೆ ಲೋಟವನ್ನೊಮ್ಮೆ, ಅವನನ್ನೊಮ್ಮೆ ನೋಡಿ, ಗೊತ್ತಾಗಿದ್ದ ಮದುವೆ ಮುರಿದುಬಿದ್ದವಳ ಹಾಗೆ ಮುಖ ಮಾಡಿಕೊಂಡಳು.

ವೇಣು ರಾಜಮಂಡ್ರಿ ಕಡೆಯವನು, ಇಪ್ಪತ್ತು ವರ್ಷ. ಸಂಬಳವಿಲ್ಲದೆ ಎರಡು ವರ್ಷ ಊರೂರು ತಿರುಗಿ ಧರ್ಮದ ಮಾತು ಹೇಳಬೇಕು. ಬಿಳಿ ಶರ್ಟು, ಟೈ, ಎದೆಯ ಮೇಲೆ ಹೆಸರು ಬರೆದ ಕಪ್ಪು ಬಿಲ್ಲೆ. ಹೀಗೆ ಹೋದರೆ ಶಿಡ್ಲಘಟ್ಟದ ಮಂದಿ ಔಷಧಿ ಕಂಪನಿಯವನು ಎಂದುಕೊಂಡು ನೋಯುವ ಮಂಡಿ ತೋರಿಸುತ್ತಿದ್ದರು. ಧರ್ಮದ ಮಾತು ಎತ್ತಿದರೆ ಸ್ಯಾಂಪಲ್ ಮಾತ್ರೆ ಕೇಳುತ್ತಿದ್ದರು. ಎಂಟು ತಿಂಗಳಲ್ಲಿ ಒಬ್ಬನೂ ಪೂರ್ತಿ ಕೇಳಿಸಿಕೊಂಡಿರಲಿಲ್ಲ.

ಅವರದು ಯಾವಾಗಲೂ ಜೋಡಿ ಸಂಚಾರ, ಒಂಟಿಯಾಗಿ ಹೊರಡುವಂತಿಲ್ಲ. ಜೊತೆಗಾರನಾಗಿದ್ದ ಅಮೆರಿಕದ ಹುಡುಗನಿಗೆ ಕಾಮಾಲೆಯಾಗಿ ಬೆಂಗಳೂರಿಗೆ ಕಳಿಸಿ ಮೂರು ದಿನವಾಗಿತ್ತು. ಹೊಸ ಜೊತೆಗಾರ ಬರುವುದು ನಾಳೆ. ಆ ಮೂರು ದಿನ ವೇಣು ಗೋಡೆಯ ಹಲ್ಲಿಗೆ ಗುಡ್ ಮಾರ್ನಿಂಗ್ ಹೇಳಿ ಎದ್ದು, ಅದಕ್ಕೇ ಗುಡ್ ನೈಟ್ ಹೇಳಿ ಮಲಗಿದ್ದ.

ಆದರೆ ಇವತ್ತಿನ ದಿನವೇ ಬೇರೆ. ಸಭೆಯ ಕಟ್ಟಳೆಯ ಪ್ರಕಾರ ಮನೆಗೆ ಫೋನು ವರ್ಷಕ್ಕೆ ಎರಡೇ ಸಲ: ಮೇ ತಿಂಗಳ ತಾಯಂದಿರ ದಿನಕ್ಕೊಂದು, ಕ್ರಿಸ್ಮಸ್‌ಗೊಂದು. ಅಮ್ಮ ಕಾಗದ ಬರೆದಿದ್ದಳು: ಪಕ್ಕದ ಮನೆ ಕಲ್ಯಾಣಿ ಹೊಸದಾಗಿ ಫೋನು ಹಾಕಿಸಿದ್ದಾಳೆ, ಇದು ನಂಬರು, ಐದು ಗಂಟೆಗೆ ಅಲ್ಲೇ ಕೂತಿರುತ್ತೇನೆ, ಆರಕ್ಕೆ ಅವರು ಬೀಗ ಹಾಕಿಕೊಂಡು ತವರಿಗೆ ಹೊರಡುತ್ತಾರೆ. ವೇಣು ಆ ಕಾಗದವನ್ನು ಎಂಟು ದಿನದಿಂದ ತಾಯತದ ಹಾಗೆ ಶರ್ಟಿನ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ.

ಮುನಿಗಂಗಮ್ಮನ ಮುಖ ನೋಡಲಾರದೆ ಅವನು ಸಭೆಯವರು ಹೇಳಿಕೊಟ್ಟಿದ್ದ ಮಾತು ಆಡಿದ. "ನಿಮಗೇನಾದ್ರೂ ಸಹಾಯ ಮಾಡ್ಲಾ ಅಮ್ಮ?" ಈ ಮಾತನ್ನು ನೂರಾರು ಮನೆಯಲ್ಲಿ ಆಡಿದ್ದ. ಎಲ್ಲರೂ ಬೇಡ ಎಂದಿದ್ದರು. ಮುನಿಗಂಗಮ್ಮ ಮಾತ್ರ ಸೆರಗಿನಿಂದ ಮುಖ ಒರೆಸಿಕೊಂಡು, "ಮಾಡಪ್ಪ" ಎಂದುಬಿಟ್ಟಳು.

ಮೇಲೂರಿನಲ್ಲಿ ಆಕೆಯ ತಮ್ಮ ಚೆನ್ನರಾಯಪ್ಪ ರೇಷ್ಮೆ ಹುಳು ಸಾಕಿದ್ದ. ಹುಳು ಹಣ್ಣಾಗಿ ಗೂಡು ಕಟ್ಟಲು ನಿಂತಿದ್ದವು. ಇವತ್ತೇ ಒಂದೊಂದಾಗಿ ಆರಿಸಿ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ ಬಿಡಬೇಕು, ಇಲ್ಲದಿದ್ದರೆ ಎಲ್ಲೆಂದರಲ್ಲಿ ನೂಲು ಬಿಟ್ಟು ಹಾಳಾಗುತ್ತವೆ. ಆಳು ಸಿಕ್ಕಿಲ್ಲ. ಒಂದೇ ಗಂಟೆ ಕೆಲಸ, ಎಂದಳು. ಒಂಟಿಯಾಗಿ ಹೋಗಬಾರದಲ್ಲ, ಜೊತೆಗೆ ಬಂದವನು ಭಾನುಪ್ರಕಾಶ. ಎರಡು ಮಕ್ಕಳ ತಂದೆ, ಈ ಪ್ರಚಾರಕರ ಬಿಟ್ಟಿ ಇಂಗ್ಲಿಷ್ ಕ್ಲಾಸಿನ ಏಕಮಾತ್ರ ವಿದ್ಯಾರ್ಥಿ. ಅವನು ಮೇಲೂರು ತಲುಪಿದ ಕೂಡಲೇ ಹಿಪ್ಪುನೇರಳೆ ಸೊಪ್ಪಿನ ರಾಶಿ ಕಂಡು, ಅದರ ಮೇಲೆ ಮಲಗಿ ಗೊರಕೆ ಹೊಡೆದ.

ಹುಳುಮನೆ ಬಾಗಿಲಲ್ಲೇ ಚೆನ್ನರಾಯಪ್ಪನ ತಾಯಿ ಕೊಂಡಮ್ಮ ವೇಣುವಿಗೆ ಅಡ್ಡ ನಿಂತಳು. ಮೂಗು ಮುಂದೆ ಮಾಡಿ ಮೂಸಿದಳು. "ಪೌಡ್ರು ಹಾಕಿದೀಯ. ಹುಳೂಗೆ ಘಾಟು ಆಗಲ್ಲ ಕಣಪ್ಪ."

ಡಿಸೆಂಬರ್ ಚಳಿಯಲ್ಲಿ ಬೋರಿನ ನೀರು ಸುರಿದುಕೊಂಡು, ಚೆನ್ನರಾಯಪ್ಪನ ಲುಂಗಿ ಬನಿಯನ್ನು ತೊಟ್ಟು ವೇಣು ಒಳಗೆ ಹೋದ. ಚೆನ್ನರಾಯಪ್ಪ ಅವನಂಥ ಇಬ್ಬರಷ್ಟು ಗಾತ್ರ. ಬನಿಯನ್ನಿನೊಳಗೆ ವೇಣು ಗೋಣಿಚೀಲದೊಳಗಿನ ಒಂದೇ ಆಲೂಗಡ್ಡೆಯ ಹಾಗಿದ್ದ.

ಹೇಳಿದ್ದ ಒಂದು ಗಂಟೆ ಕಳೆಯಿತು. ಕೈಮುಗಿದು ಹೊರಟ. ಕೊಂಡಮ್ಮ ಎದೆ ಹಿಡಿದುಕೊಂಡಳು. ಮೊದಲ ಹುಳು ಆರಿಸಿದ ಕೈಯೇ ಕೊನೆಯ ಹುಳುವನ್ನೂ ಬಿಡಬೇಕಂತೆ, ಮಧ್ಯದಲ್ಲಿ ಎದ್ದರೆ ಬೆಳೆಯೇ ಎದ್ದು ಹೋಗುತ್ತದಂತೆ. ಆಕೆಯ ಅತ್ತೆ ಹೇಳಿದ್ದಂತೆ. ಮೊದಲ ಹುಳುವನ್ನು ಬಂದ ಉತ್ಸಾಹದಲ್ಲಿ ಎತ್ತಿದವನು ವೇಣುವೇ. ಅವನು ಅಮ್ಮನ ಫೋನಿನ ವಿಷಯ ಹೇಳಿಕೊಂಡ. ಕೇಳಿ ಎಲ್ಲರಿಗೂ ಅಯ್ಯೋ ಎನಿಸಿತು. ಅಕ್ಕಪಕ್ಕದ ಇಬ್ಬರು ಹೆಂಗಸರು ಸಹಾಯಕ್ಕೆ ಬಂದರು. ಬಂದವರು ಅಮ್ಮನ ಹೆಸರೇನು, ಅಪ್ಪ ಯಾವಾಗ ಹೋದರು, ಹುಡುಗಿ ನೋಡಿದ್ದಾರಾ ಎಂದು ವಿಚಾರಿಸುವುದರಲ್ಲೇ ಇದ್ದುದರಿಂದ ಕೆಲಸ ಇನ್ನೂ ನಿಧಾನವಾಯಿತು.

ಕೊನೆಯ ಹುಳು ಚಂದ್ರಿಕೆ ಹತ್ತಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ವೇಣು ಶರ್ಟಿಗಾಗಿ ಓಡಿದ. ಶರ್ಟು ತಂತಿಯ ಮೇಲೆ ನೀರು ತೊಟ್ಟಿಕ್ಕಿಸುತ್ತ ನೇತಾಡುತ್ತಿತ್ತು.

"ಇಷ್ಟು ಉಪಕಾರ ಮಾಡಿದೀಯ ಅಂತ ಒಗೆದಾಕ್ದೆ ಕಣಪ್ಪ," ಎಂದಳು ಕೊಂಡಮ್ಮ. "ಜೇಬಲ್ಲಿ ಏನೋ ಚೀಟಿ ಇತ್ತು. ಅದನ್ನೂ ಹಿಂಡಿ ಒಣಗಾಕಿದೀನಿ."

ಹಿಂಡಿದ ಕಾಗದ ಒತ್ತುಶಾವಿಗೆಯಂತೆ ಬಿದ್ದಿತ್ತು. ಬಿಡಿಸಿದರೆ ಅಮ್ಮನ ಮಾತೆಲ್ಲ ನೀಲಿ ನೀರಾಗಿತ್ತು. ಪುಣ್ಯಕ್ಕೆ ನಂಬರು ಉಳಿದಿತ್ತು, ಕೊನೆಯ ಅಂಕಿಯೊಂದು ಬಿಟ್ಟು. ಅದು ಒಂದೋ ಏಳೋ ಗೊತ್ತಾಗಲಿಲ್ಲ.

ಲುಂಗಿಯಲ್ಲೇ ಓಡಿದ. ಹಿಂದೆ ಕೊಂಡಮ್ಮ, ಚೆನ್ನರಾಯಪ್ಪ, ಇಬ್ಬರು ಹೆಂಗಸರು, ಬೆನ್ನ ಮೇಲೆ ಸೊಪ್ಪು ಅಂಟಿಸಿಕೊಂಡ ಭಾನುಪ್ರಕಾಶ. ಅದೇ ಊರಿನ ಯಾಸೀನನ ಎಸ್‌ಟಿಡಿ ಬೂತಿನ ಬಾಗಿಲು ತುಂಬಿಹೋಯಿತು. ಹಬ್ಬದ ದಿನ, ಲೈನು ಸಿಗುತ್ತಿರಲಿಲ್ಲ. ಯಾಸೀನ್ ಮೊದಲು ಒಂದು ಎಂದೇ ಒತ್ತೋಣ ಎಂದ. ಒತ್ತಿ ಒತ್ತಿ ಐದೂ ಇಪ್ಪತ್ತಕ್ಕೆ ಆ ಕಡೆ ಗಂಟೆ ಹೊಡೆಯಿತು. ಜೋಳ ಹುರಿದಂಥ ಸದ್ದಿನ ನಡುವೆ ಒಂದು ಹೆಣ್ಣು ದನಿ ನಡುಗುತ್ತ ಬಂತು. "ನಾನ್ನಾ? ನುವ್ವೇನಾ?"

ಅಪ್ಪಾ, ನೀನೇನಾ ಎಂದು ತೆಲುಗಿನಲ್ಲಿ ಹಾಗೆ ಕೇಳಿಸಿಕೊಂಡು ಏಳು ತಿಂಗಳಾಗಿತ್ತು. ವೇಣು "ಅಮ್ಮಾ" ಎಂದವನೇ ಅತ್ತುಬಿಟ್ಟ. ಆ ಕಡೆಯೂ ಅಳು. ತಿಂದೆಯಾ, ಬಡವಾಗಿದ್ದೀಯಾ, ತಲೆಗೆ ಎಣ್ಣೆ ಹಚ್ಚುತ್ತೀಯಾ. ಎಲ್ಲದಕ್ಕೂ ಹೂಂ ಎಂದ. ಯಾರೂ ತನ್ನ ಮಾತು ಕೇಳುವುದಿಲ್ಲ, ಮಾತಾಡಲು ಹಲ್ಲಿ ಬಿಟ್ಟರೆ ದಿಕ್ಕಿಲ್ಲ ಎಂದು ಎಂಟು ತಿಂಗಳದ್ದನ್ನೆಲ್ಲ ಹೇಳಿಕೊಂಡ. ಆಕೆ ಒಂದನ್ನೂ ಬಿಡದೆ ಕೇಳಿದಳು. ಗಡಿ ಸೀಮೆಯವರಿಗೆ ತೆಲುಗು ಬಾರದೆ ಇರುತ್ತದೆಯೇ, ಬೂತಿನ ಬಾಗಿಲಲ್ಲಿ ಕೊಂಡಮ್ಮನೂ ಮೂಗು ಸೀನಿದಳು.

ಆಗ ಫೋನಿನ ದನಿ ಕೇಳಿತು: "ದುಬೈನಲ್ಲಿ ಈಗ ಚಳೀನಾ ನಾನ್ನಾ?"

ವೇಣುವಿನ ಕಣ್ಣೀರು ಅರ್ಧ ದಾರಿಯಲ್ಲೇ ನಿಂತಿತು. ಆಕೆ ಹೇಳುತ್ತಲೇ ಇದ್ದಳು. ಹೋದ ತಿಂಗಳು ಫೋನು ಹಾಕಿಸಿದೆ, ನಂಬರು ಬರೆದು ಕಳಿಸಿದೆ, ಎರಡು ವರ್ಷದ ಮೇಲೆ ನಿನ್ನ ದನಿ ಕೇಳಿದೆ. ಈ ಒಂದು-ಏಳರ ಗೊಂದಲದಲ್ಲಿ ನಮ್ಮ ಫೋನು ಯಾರ ಮನೆಗೋ, ಅವರದು ನಮ್ಮ ಮನೆಗೆ ಬರುತ್ತಿರುತ್ತದೆ. ನಿನ್ನದು ಸರಿಯಾಗಿ ಬಂತಲ್ಲ, ದೇವರು ದೊಡ್ಡವನು. ಸಂಕ್ರಾಂತಿಗೆ ಬರುತ್ತೀಯಾ?

ಸುಳ್ಳು ಹೇಳುವುದು ಸಭೆಯಲ್ಲಿ ಕಾಫಿಗಿಂತ ದೊಡ್ಡ ತಪ್ಪು. ವೇಣು ಗಂಟಲು ಸರಿಮಾಡಿಕೊಂಡ.

"ಬರ್ತೀನಮ್ಮ," ಎಂದು ಇಟ್ಟುಬಿಟ್ಟ.

ಆರಕ್ಕೆ ಎಂಟು ನಿಮಿಷವಿತ್ತು. ಅಪ್ಪಣೆ ಇದ್ದುದು ಒಂದೇ ಫೋನಿಗೆ. ಇನ್ನೊಂದು ಮಾಡಬಹುದೋ ಬಾರದೋ ಎಂದು ಅವನು ಕೈ ಹಿಸುಕಿಕೊಂಡ. ಭಾನುಪ್ರಕಾಶ ಬೆನ್ನಿನ ಸೊಪ್ಪು ಕೊಡವುತ್ತ ತೀರ್ಪು ಕೊಟ್ಟ. "ಅಪ್ಪಣೆ ಇರೋದು ನಿಮ್ಮಮ್ಮಂಗೆ. ಮಾತಾಡಿದ್ದು ಬೇರೆಯೋರ ಅಮ್ಮನ ಹತ್ರ. ಲೆಕ್ಕಕ್ಕಿಲ್ಲ, ಒತ್ತಿ."

ಏಳು ಒತ್ತಿದರು. ಎತ್ತಿದವಳು ಕಲ್ಯಾಣಿ. ಬೀಗ ಹಿಡಿದು ಹೊರಟು ನಿಂತಿದ್ದಳು, ಮಾತಿನಲ್ಲೇ ಅವಸರ. ನಾನು ವೇಣು, ಅಮ್ಮನನ್ನು ಕರೆಯಿರಿ ಎಂದ.

"ಯಾವ ವೇಣು? ಈಗ ತಾನೆ ಅವಳ ಮಗ ಫೋನು ಮಾಡಿದ್ನಲ್ಲ," ಎಂದಳು ಕಲ್ಯಾಣಿ. "ಕಾಲು ಗಂಟೆ ಮಾತಾಡಿ, ಅತ್ತು, ನಕ್ಕು, ಊರಿಗೆಲ್ಲ ಹೇಳ್ಕೊಂಡು ಬರ್ತೀನಿ ಅಂತ ಹೋದ್ಳು. ಮಗನ ದನಿ ಗಂಡಸಿನ ದನಿ ಆಗಿದೆಯಂತೆ. ಸಂಕ್ರಾಂತಿಗೆ ಬರ್ತಾನಂತೆ. ನೀನ್ಯಾರಪ್ಪ, ಹಬ್ಬದ ದಿನ ತಮಾಷೆ ಮಾಡ್ತೀಯ?"

ಟಪ್ ಎಂದು ಫೋನು ಇಟ್ಟಳು. ಮತ್ತೆ ಒತ್ತಿದರೆ ಗಂಟೆ ಮಾತ್ರ ಹೊಡೆದುಕೊಂಡಿತು.

ದುಬೈನಲ್ಲಿ ಯಾರೋ ಒಬ್ಬ, ಪಾಪ, ಇವನ ಹಾಗೇ ಅಮ್ಮಾ ಎಂದು ಅತ್ತು, ಇವನ ಹಾಗೇ ಅರ್ಧದಲ್ಲಿ ಗೊತ್ತಾಗಿ, ಇವನ ಹಾಗೇ ಬರ್ತೀನಿ ಎಂದಿದ್ದ.

ಕತ್ತಲಾಗುವಾಗ ಶಿಡ್ಲಘಟ್ಟಕ್ಕೆ ಬಂದರೆ ಮೆಟ್ಟಿಲ ಮೇಲೆ ಮುನಿಗಂಗಮ್ಮ ಕಾಯುತ್ತಿದ್ದಳು. "ಅಮ್ಮ ಮಾತಾಡಿದ್ರೇನಪ್ಪ?"

"ಮಾತಾಡಿದ್ರು," ಎಂದ ವೇಣು. ಅದು ಸುಳ್ಳೂ ಆಗಿರಲಿಲ್ಲ.

ಆ ರಾತ್ರಿಯೇ ಕೂತು ಅಮ್ಮನಿಗೆ ಕಾಗದ ಬರೆಯತೊಡಗಿದ. ಫೋನಿನಲ್ಲಿ ಮಾತಾಡಿದ್ದು ನಾನಲ್ಲ ಎಂದು ಬರೆದ. ಹರಿದ. ಮತ್ತೆ ಬರೆದ. ಮತ್ತೆ ಹರಿದ. ಹಲ್ಲಿ ಗೋಡೆಯ ಮೇಲಿಂದ ನೋಡುತ್ತಿತ್ತು.

ಹೀಗೇ ಹತ್ತು ದಿನ ಕಳೆದು ಅವನು ಎಂಟನೇ ಕಾಗದ ಹರಿಯುವಷ್ಟರಲ್ಲಿ ಅಮ್ಮನದೇ ಕಾಗದ ಬಂತು. ಇಷ್ಟು ಸಂತೋಷ ನಿನ್ನಪ್ಪ ಹೋದಮೇಲೆ ಇದೇ ಮೊದಲು, ಎಂದು ಬರೆದಿದ್ದಳು. ಮಡಿಕೆಯೊಳಗಿಂದ ಗಂಟು ಹಾಕಿದ ಒಂದು ದಾರದ ಸುತ್ತು ಕೆಳಗೆ ಬಿತ್ತು.

'ಸಂಕ್ರಾಂತಿಗೆ ಬರುವಾಗ ಎರಡು ಚಿನ್ನದ ಬಳೆ ತರುತ್ತೇನೆ, ಅಳತೆ ಕಳಿಸು ಎಂದೆಯಲ್ಲ ನಾನ್ನಾ. ಅದೇ ಇದು.'

ವೇಣು ಆ ದಾರವನ್ನು ತನ್ನ ಕೈಗೆ ಹಾಕಿಕೊಂಡು ನೋಡಿದ. ಸರಿಹೋಯಿತು. ಸಂಕ್ರಾಂತಿಗೆ ಹತ್ತು ದಿನವಿತ್ತು. ಮುಂದಿನ ಫೋನು ಮೇ ತಿಂಗಳಿಗೆ.