ಡ್ರಿಂಕ್ಸ್ ಪರೀಕ್ಷೆಗೆ ಹೋದ ಅತ್ತೆ

ನಮ್ಮ ಅತ್ತೆ ಈ ಜಗತ್ತಿನಲ್ಲಿ ನಂಬುವುದು ಎರಡೇ ವಸ್ತುಗಳನ್ನು. ಒಂದು, ಅವರ ಮೂಗು. ಇನ್ನೊಂದನ್ನು ಇನ್ನೂ ಹುಡುಕುತ್ತಿದ್ದಾರೆ!

ಅತ್ತೆ ಎಂದರೆ ಅಪ್ಪನ ತಂಗಿ. ಕುಂದಾಪುರದ ಸುತ್ತಮುತ್ತ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವರು. ಬಂಗುಡೆ ತಾಜಾ ಹೌದೋ ಅಲ್ಲವೋ ಎಂದು ಕಿವಿರು ಎತ್ತಿ ನೋಡಿ ನೋಡಿ ಕಡೆಗೆ ಮನುಷ್ಯರನ್ನೂ ಹಾಗೆಯೇ ನೋಡತೊಡಗಿದರು. ಒಮ್ಮೆ ಡಾಕ್ಟರು ಮಾತ್ರೆ ಕೊಟ್ಟಾಗ, "ಮೊದ್ಲ್ ನೀವೊಂದ್ ತಿನ್ನಿ ಕಾಂಬ" ಎಂದುಬಿಟ್ಟರು. ಪಾಪ, ಡಾಕ್ಟರು ತಿಂದರು! ವಿಟಮಿನ್ ಮಾತ್ರೆಯಾದ್ದರಿಂದ ಬಚಾವಾದರು.

ಹೀಗಿರುವಾಗ ನನ್ನ ಮಗಳಿಗೆ ಬೀಜಾಡಿಯ ಕಡಲ ಬದಿಯ ಇಟಾಲಿಯನ್ ರೆಸ್ಟೋರೆಂಟಿನಲ್ಲಿ ಕೆಲಸ ಸಿಕ್ಕಿತು.

"ಎಂತ ಕೆಲ್ಸ ಹೆಣೆ?" ಅತ್ತೆ ಕೇಳಿದರು.

"ಡ್ರಿಂಕ್ಸ್ ಮಾಡೂದ್ ಅಜ್ಜಿ."

ಮುಗಿಯಿತು! ನಮ್ಮೂರಲ್ಲಿ ಡ್ರಿಂಕ್ಸ್ ಎಂದರೆ ಏನೆಂದು ಬಿಡಿಸಿ ಹೇಳಬೇಕೆ? ಕಾಫಿ, ಶರಬತ್ತು ಎಂದು ಮಗಳು ಆಣೆ ಹಾಕಿದಳು. ಅತ್ತೆ ನಂಬುತ್ತಾರೆಯೇ? "ನಾನೇ ಕಂಡ್ ಬತ್ತೆ. ಸರಿ ಇಲ್ದಿರೆ ಅಲ್ಲಿಂದ್ಲೇ ಕರ್ಕಂಡ್ ಬತ್ತೆ" ಎಂದರು. ಮಗಳ ಮುಖ ಬಾಡಿತು. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು ಅತ್ತೆ. ಅವರ ಮಾತು ಮೀರುವ ಗಂಡೆದೆ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ, ನನಗಂತೂ ಮೊದಲೇ ಇಲ್ಲ.

ಮರುದಿನ ಮಧ್ಯಾಹ್ನ ಮಗಳು ಕೆಲಸದಲ್ಲಿದ್ದಾಗಲೇ ನಾನೂ ಅತ್ತೆಯೂ ಅಲ್ಲಿ ಹಾಜರು. ಅತ್ತೆ ನೇರ ಕೌಂಟರಿಗೆ ಹೋಗಿ ಕಪಾಟಿನಲ್ಲಿದ್ದ ಸಿರಪ್ ಬಾಟಲಿಗಳನ್ನೆಲ್ಲ ಮೂಸಿದರು. ವಾಸನೆಯಲ್ಲಿ ಏನೂ ಸಿಗಲಿಲ್ಲ. ಸಂಶಯ ಇನ್ನೂ ಹೆಚ್ಚಾಯಿತು! ಕುರ್ಚಿಗೆ ಬಂದು ಕೂತು ಒಂದೊಂದಾಗಿ ತರಿಸತೊಡಗಿದರು.

ಮೊದಲು 'ಆಕ್ವಾ ಫ್ರಿಜಾಂತೆ' ಬಂತು. ಗ್ಲಾಸಿನ ತುಂಬ ಗುಳ್ಳೆ.

"ಸೋಡಾ ಅತ್ತೆ" ಎಂದೆ.

"ಸೋಡಾಕ್ಕೆ ಸೋಡಾ ಅಂದ್ ಹೇಳುಕೆ ಎಂತ ಕಷ್ಟ ಇವ್ರಿಗೆ? ಹೆಸ್ರ್ ಬದ್ಲ್ ಮಾಡ್ಕಂಡ್ ತಿರ್ಗುವವ್ರನ್ನ್ ನಾ ನಂಬುದಿಲ್ಲ!"

ಆಮೇಲೆ ಎಸ್ಪ್ರೆಸ್ಸೊ. ಬೆರಳು ಮುಳುಗದಷ್ಟು ಸಣ್ಣ ಕಪ್ಪಿನಲ್ಲಿ ಒಂದು ಗುಟುಕು ಕಾಫಿ. ಅತ್ತೆ ಸಾಸರ್ ಎತ್ತಿ ಅಡಿಯಲ್ಲಿ ನೋಡಿದರು. "ಉಳ್ದದ್ದ್ ಯಾರ್ ಕುಡ್ದ್ರ್?"

ಮುಂದಿನದು ಕಾಫಿಯ ಮೇಲೆ ಒಂದು ಹನಿ ಹಾಲು ಬಿಟ್ಟ 'ಮಕ್ಕಿಯಾತೊ'. ಹಾಗೆಂದರೆ ಕಲೆಯಾದದ್ದು ಎಂದು ಮಗಳು ಅರ್ಥ ಹೇಳಿದ್ದೇ ತಪ್ಪಾಯಿತು. "ಕಲೆ ಆದ್ದಾ? ತೊಳ್ದ್ ಕೊಡುಕೆ ನೀರಿಲ್ಯಾ ಇಲ್ಲಿ?"

'ಲಿಮೊನಾತಾ' ಮಾತ್ರ ಪೂರ್ತಿ ಕುಡಿದರು. ನಾನು ಉಸಿರು ಬಿಡುವಷ್ಟರಲ್ಲಿ ಗ್ಲಾಸನ್ನು ಬೆಳಕಿಗೆ ಹಿಡಿದು, "ಲಿಂಬಿ ಶರಬತ್ತ್ ಇಷ್ಟ್ ಒಳ್ಳೇದ್ ಆಪುದ್ ಹ್ಯಾಂಗೆ? ಎಂತದೋ ಇತ್ತ್ ಇದ್ರಗೆ!" ಎಂದರು.

ಕೊನೆಗೆ ಐಸ್‌ಕ್ರೀಮಿನ ಮೇಲೆ ಬಿಸಿ ಕಾಫಿ ಸುರಿದ 'ಅಫೊಗಾತೊ' ಬಂತು. ಮಗಳು ಹೆದರುತ್ತಲೇ, "ಮುಳುಗಿದ್ದ್ ಅಂದ್ ಅರ್ಥ ಅಜ್ಜಿ" ಎಂದಳು.

"ಅದಾಗೇ ಮುಳುಗಿದ್ದಾ, ಯಾರಾರೂ ಮುಳುಗ್ಸಿದ್ದಾ?"

ಇನ್ನು ಪೊಲೀಸರನ್ನು ಕರೆಸುವುದೊಂದೇ ಬಾಕಿ! ಅಷ್ಟರಲ್ಲಿ ಮ್ಯಾನೇಜರ್ ಓಡಿಬಂದು, "ಏನಾದರೂ ತೊಂದರೆಯಾಯ್ತಾ ಅಮ್ಮ?" ಎಂದ. ಮಗಳು ಕೌಂಟರಿನ ಹಿಂದೆ ಉಗುರು ಕಚ್ಚುತ್ತ ನಿಂತಳು.

"ಹ್ವಾಯ್, ಕೆಲ್ಸ ಒಳ್ಳೇದಿತ್ತ್. ಅದ್ರಗೆ ಎಂತ ಸಂಶಯ ಇಲ್ಲ" ಎಂದರು ಅತ್ತೆ. ನನ್ನ ಕಿವಿಯನ್ನು ನನಗೇ ನಂಬಲಾಗಲಿಲ್ಲ. "ಆರೆ ನಾ ಬಂದ್ ಒಂದ್ ಗಂಟಿ ಆಯ್ತ್. ಈ ಹೆಣ್ಣ್ ಕೂಕಂಡದ್ದ್ ಕಾಣ್ಲಿಲ್ಲ. ಅದ್ಕ್ ಕೂಕಂಬುಕೆ ಕುರ್ಚಿ ಎಲ್ಲಿತ್ತ್?"

ಮ್ಯಾನೇಜರ್ ಬಗ್ಗಿ ನೋಡಿದ. ಕೌಂಟರಿನ ಒಳಗೆ ಕುರ್ಚಿ ಇರಲೇ ಇಲ್ಲ. ನಾನೂ ಅದನ್ನು ಗಮನಿಸಿರಲಿಲ್ಲ.

"ಬುಟ್ಟಿ ಹೊತ್ಕಂಡ್ ನಡ್ದ್ ನಿಂತ್ ನನ್ನ್ ಕಾಲ್ ಹೋಯ್ತ್. ಇದ್ರದ್ದ್ ಹೋಪುದ್ ಬ್ಯಾಡ" ಎಂದರು ಮೆಲ್ಲಗೆ. ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಒಳಗಿನಿಂದ ಒಂದು ಸ್ಟೂಲ್ ತರಲು ಮ್ಯಾನೇಜರ್ ಓಡಿದ. ಆದರೆ ಅತ್ತೆ ಅದಕ್ಕೂ ಕಾಯದೆ ಮಗಳ ಕೈ ಹಿಡಿದು ತಂದು ತಮ್ಮ ಕುರ್ಚಿಯಲ್ಲೇ ಕೂರಿಸಿ, ಅಫೊಗಾತೊ ಕಪ್ಪನ್ನು ಅವಳ ಕಡೆ ದೂಡಿದರು. "ತಿನ್ ಮಗಾ, ಕರಗ್ತ್."

ಅವಳು ತಿಂದು ಮುಗಿಸುವವರೆಗೂ ಅತ್ತೆ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದರು.